ಬಚ್ಚಲ ಒಲೆಗೂ ಒಂದು ಕಟ್ಟುಪಾಡು

ಬಸವನಗುಡಿಯ ನಮ್ಮ ಮನೆಗೆ ಗೀಸರ್ ಬಂದು ಮೂವತ್ತು ವರ್ಷವಾದರೂ ಬಚ್ಚಲ ತಾಮ್ರದ ಹಂಡೆ ಒಲೆಯಿಂದ ಇಳಿದಿಲ್ಲ. ನೀರು ತುಂಬುವ ಹಬ್ಬದಿಂದ ಸಂಕ್ರಾಂತಿಯವರೆಗೆ ಎಣ್ಣೆಸ್ನಾನಕ್ಕೆ ನನಗೆ ಹಂಡೆಯ ನೀರೇ ಆಗಬೇಕು. ಆದ್ದರಿಂದ ಹೊಗೆಯಿಂದ ಗಾಳಿ ಕೆಡುತ್ತದೆ, ಒಲೆ ಹಚ್ಚಲೇಬೇಡಿ ಎನ್ನಲು ನನಗೆ ಬಾಯಿಲ್ಲ. ಹೇಗೆ, ಯಾವಾಗ ಹಚ್ಚಬೇಕೆಂದು ಮಾತ್ರ ಹೇಳುತ್ತೇನೆ.

ಮಗಳಿರುವ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಊರುಗಳಲ್ಲಿ ಗಾಳಿ ಕೆಡುವ ಎಚ್ಚರಿಕೆ ಹೊರಟ ದಿನ ಮನೆಯೊಳಗೂ ಕಟ್ಟಿಗೆ ಉರಿಸುವಂತಿಲ್ಲ. 2008ರಲ್ಲಿ ಬಂದ ನಿಯಮ ಅದು. ಮನೆ ಬೆಚ್ಚಗಿಡಲು ಬೇರೆ ದಾರಿಯೇ ಇಲ್ಲದವರಿಗೆ ವಿನಾಯಿತಿಯುಂಟು. ನಮ್ಮಲ್ಲಿ ಒಲೆಗೆ ಅಂಥ ನಿಷೇಧವಿಲ್ಲ. ಆದರೆ ಕಸ, ತರಗೆಲೆಗಳನ್ನು ಬಯಲಲ್ಲಿ ಸುಡುವುದು ತಪ್ಪು. ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಹಾಲಿನ ಕವರು ಸೌದೆಯಲ್ಲ. ಅದನ್ನು ಒಲೆಗೆ ತುರುಕಿ ನೀರು ಕಾಯಿಸುತ್ತಿದ್ದೇನೆ ಎಂದರೆ ಯಾರೂ ಒಪ್ಪುವುದಿಲ್ಲ.

ಮೊದಲು ಸೌದೆ ನೋಡಿ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ‘ಠಣ್’ ಎನ್ನಬೇಕು. ‘ದಪ್’ ಎಂದರೆ ಒಳಗೆ ಹಸಿ ಇದೆ. ತೊಗಟೆ ತಾನಾಗಿ ಬಿಡುತ್ತಿರಬೇಕು, ಕೊಯ್ದ ಬದಿಯಲ್ಲಿ ಬಿರುಕು ಕಾಣಬೇಕು. ಎರಡು ವರ್ಷದ ಹಿಂದೆ ಬೀದಿಯಲ್ಲಿ ಕಡಿದ ಮಾವಿನ ಕೊಂಬೆ ಪುಕ್ಕಟೆ ಸಿಕ್ಕಿತೆಂದು ತಿಂಗಳೊಳಗೇ ಒಲೆಗಿಟ್ಟೆ. ಸೌದೆಯ ತುದಿಯಲ್ಲಿ ನೊರೆ ಉಕ್ಕಿತು, ನೀರು ಬೆಚ್ಚಗಾಗಲಿಲ್ಲ, ಹಿಂದಿನ ಮನೆಯ ಮಗು ಮಧ್ಯಾಹ್ನದವರೆಗೆ ಕೆಮ್ಮಿತು. ಸಣ್ಣಗೆ ಸೀಳಿ, ಮಳೆ ತಾಗದ ಕಡೆ ಆರು ತಿಂಗಳಾದರೂ ಒಣಗಿಸಿ.

ಹೊತ್ತಿಸುವಾಗ ದಪ್ಪ ಸೌದೆ ಕೆಳಗೆ, ಅದರ ಮೇಲೆ ಕಡ್ಡಿ, ತುದಿಯಲ್ಲಿ ಕರಟ ಮತ್ತು ತೆಂಗಿನ ನಾರು. ಬೆಂಕಿ ಮೇಲಿನಿಂದ ಕೆಳಗಿಳಿದರೆ ಹೊಗೆಯೂ ಉರಿದುಹೋಗುತ್ತದೆ. ನಮ್ಮತ್ತೆ ಇದ್ದಿದ್ದರೆ ತಲೆಕೆಳಗು ಒಲೆ ಎಂದು ನಗುತ್ತಿದ್ದರು. ಬಾಯಿ ತುಂಬ ಸೌದೆ ತುರುಕಬೇಡಿ, ಗಾಳಿಯಾಡಲಿ. ಹತ್ತು ನಿಮಿಷದ ಮೇಲೆ ಹಿತ್ತಲಿಗೆ ಹೋಗಿ ಹೊಗೆಗೂಡನ್ನು ನೋಡಿ. ಆಗಲೂ ಬಿಳಿ ಹೊಗೆ ಏಳುತ್ತಿದ್ದರೆ ಒಂದು ಸೌದೆ ಹಿಂದಕ್ಕೆಳೆಯಿರಿ.

ಹೊತ್ತು ಇನ್ನೂ ಮುಖ್ಯ. ಡಿಸೆಂಬರ್ ಮುಂಜಾನೆ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯದು ಮುಚ್ಚಳದಂತೆ ಕೂತಿರುತ್ತದೆ; ಹೊಗೆ ಓಣಿಯಲ್ಲೇ ನಿಲ್ಲುತ್ತದೆ. ಆರು ಗಂಟೆಗೆ ಒಲೆ ಹಚ್ಚುತ್ತಿದ್ದವಳು ಈಗ ಬಿಸಿಲೇರಿ ಹತ್ತಾದ ಮೇಲೆ ಹಚ್ಚುತ್ತೇನೆ. ಅದಕ್ಕೂ ಮುಂಚೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಜಯನಗರ 5ನೇ ಬ್ಲಾಕಿನ ಗಾಳಿ ಗುಣಮಟ್ಟದ ಅಂಕಿ ನೋಡುತ್ತೇನೆ; ಅಂಕಿ ಏರಿದಷ್ಟೂ ಗಾಳಿ ಕೆಟ್ಟಿದೆ ಎಂದರ್ಥ. 100 ದಾಟಿದ್ದರೆ ಅಂದು ಗೀಸರೇ ಗತಿ. ಇದು ಸರ್ಕಾರದ ನಿಯಮವಲ್ಲ, ನನ್ನದು.

ತರಗೆಲೆಗೆ ಬೆಂಕಿ ಬೇಕಾಗಿಯೇ ಇಲ್ಲ. ಹಿತ್ತಲ ಮೂಲೆಯಲ್ಲಿ ತಂತಿಬಲೆಯನ್ನು ಸುತ್ತಿ ನಿಲ್ಲಿಸಿ ಹೊಂಗೆ ಎಲೆ ತುಂಬುತ್ತೇನೆ, ನಡುನಡುವೆ ತರಕಾರಿ ಸಿಪ್ಪೆ, ವಾರಕ್ಕೊಮ್ಮೆ ಒಂದು ಚೆಂಬು ಹುಳಿ ಮಜ್ಜಿಗೆಯ ನೀರು. ಎದೆಮಟ್ಟದ ರಾಶಿ ಮಳೆಗಾಲದ ಹೊತ್ತಿಗೆ ಮೊಣಕಾಲಿಗಿಳಿದಿರುತ್ತದೆ. ಕೆಳಗಿನ ಕಪ್ಪು ಪುಡಿಯನ್ನು ಈಗ ಹಿಂದಿನ ಮನೆಯವರೂ ಬಕೆಟ್ ಹಿಡಿದು ಕೇಳುತ್ತಾರೆ.