ಸೈಕಲ್ ಹೆಲ್ಮೆಟ್: ಕೊಳ್ಳುವುದು ಹೇಗೆ, ಹಾಕುವುದು ಹೇಗೆ

ಬಳ್ಳಾರಿ ಕಡೆ ಸೈಕಲ್ ಹೆಲ್ಮೆಟ್ ಮಾತೆತ್ತಿದರೆ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ‘ಅದಿರು ಲಾರಿ ಗುದ್ದಿದರೆ ಹೆಲ್ಮೆಟ್ ಏನು ಮಾಡುತ್ತೆ?’ ‘ಈ ಬಿಸಿಲಲ್ಲಿ ಅದನ್ನ ಯಾರು ಹಾಕ್ತಾರೆ?’ ಎರಡೂ ನ್ಯಾಯವಾದ ಪ್ರಶ್ನೆಗಳೇ.

ವೇಗವಾಗಿ ಬಂದ ಲಾರಿಯಿಂದ ಹೆಲ್ಮೆಟ್ ಕಾಪಾಡುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಯುರೋಪಿನ ಇಎನ್ 1078 ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಗಂಟೆಗೆ ಸುಮಾರು 20 ಕಿ.ಮೀ. ವೇಗದ ಪೆಟ್ಟು ಅದು. ಸೈಕಲ್ ಮೇಲೆ ಕೂತವರ ತಲೆ ಹೆಚ್ಚುಕಡಿಮೆ ಅದೇ ಎತ್ತರದಲ್ಲಿರುತ್ತದೆ. ಚಕ್ರ ಗುಂಡಿಗೆ ಇಳಿದೋ, ಮರಳಿನಲ್ಲಿ ಜಾರಿಯೋ, ನಾಯಿ ಅಡ್ಡ ಬಂದೋ ಬಿದ್ದಾಗ ಆಗುವುದು ಈ ತರದ ಪೆಟ್ಟೇ. ಆಗ ಒಳಗಿನ ಥರ್ಮಾಕೋಲ್‌ನಂಥ ಪದರ ನಜ್ಜುಗುಜ್ಜಾಗುತ್ತದೆ. ತಲೆ ತಟ್ಟನೆ ನಿಲ್ಲುವ ಬದಲು ಕೆಲವು ಮಿಲಿಸೆಕೆಂಡು ತಡವಾಗಿ ನಿಲ್ಲುತ್ತದೆ. ಅಷ್ಟರಲ್ಲೇ ಹೊಡೆತದ ಜೋರು ಇಳಿಯುತ್ತದೆ. 40 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಅಪಘಾತವಾದಾಗ ತಲೆಗೆ ಗಂಭೀರ ಪೆಟ್ಟಾಗುವ ಸಾಧ್ಯತೆ ಹೆಲ್ಮೆಟ್ ಹಾಕಿದವರಲ್ಲಿ ಸುಮಾರು ಶೇ 69ರಷ್ಟು ಕಡಿಮೆ.

ಹಾಗಿದ್ದರೂ ಹೆಲ್ಮೆಟ್ ಕಡ್ಡಾಯ ಮಾಡಬೇಕೇ ಬೇಡವೇ ಅನ್ನುವ ವಾದ ಯಾಕೆ? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿತು. ಆಮೇಲೆ ಮೆಲ್ಬೋರ್ನ್‌ನಲ್ಲಿ ಹದಿಹರೆಯದವರು ಸೈಕಲ್ ಹೊಡೆಯುವುದೇ ಕಡಿಮೆಯಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಹೆಲ್ಮೆಟ್ ಹಾಕುವವರು ಕಡಿಮೆ, ಆದರೆ ಅಲ್ಲಿ ಸೈಕಲ್ಲಿಗೇ ಬೇರೆ ದಾರಿಗಳಿವೆ. ನಮ್ಮ ಮೋಟಾರು ವಾಹನ ಕಾಯ್ದೆಯ ಹೆಲ್ಮೆಟ್ ನಿಯಮ ಬೈಕು, ಸ್ಕೂಟರಿಗೆ. ಸೈಕಲ್ಲಿಗೆ ಅನ್ವಯಿಸುವುದಿಲ್ಲ. ಅದು ಹಾಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಕೂಲಿಗೆ ಸೈಕಲ್ಲಲ್ಲಿ ಹೋಗುವವರಿಗೆ ದಂಡ ಹಾಕಿ ಏನು ಸಾಧಿಸಿದಂತಾಯಿತು? ಕುಡತಿನಿ, ತೋರಣಗಲ್ಲು ಮಾರ್ಗದಂಥ ಲಾರಿ ರಸ್ತೆಗಳ ಪಕ್ಕ ಸೈಕಲ್ ದಾರಿ ಬೇಕು ಅಂತ ನಾವು ಕೇಳಲೇಬೇಕು. ಅದು ಬರುವ ತನಕ ಮಕ್ಕಳನ್ನು ಬರಿ ತಲೆಯಲ್ಲಿ ಕಳಿಸಬೇಡಿ.

ಮೊದಲು ಅಳತೆ

ಟೇಲರ್ ಟೇಪನ್ನು ಹುಬ್ಬಿನಿಂದ ಎರಡು ಬೆರಳು ಮೇಲೆ ಇಟ್ಟು ತಲೆಯ ಸುತ್ತ ತನ್ನಿ. ಸೆಂಟಿಮೀಟರಿನಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ‘ಮುಂದೆ ಬೆಳೀತಾನೆ, ದೊಡ್ಡದೇ ಕೊಡಿ’ ಅನ್ನಬೇಡಿ. ಸಡಿಲವಾದದ್ದು ಬಿದ್ದಾಗ ಜಾರಿ ಹಿಂದಕ್ಕೆ ಹೋಗುತ್ತದೆ, ಹಣೆ ಬಯಲಾಗುತ್ತದೆ.

ಅಂಗಡಿಯಲ್ಲಿ ಒಳಗಿನ ಚೀಟಿ ಓದಿ. ಇಎನ್ 1078 (EN 1078) ಅಥವಾ ಅಮೆರಿಕದ ಸುರಕ್ಷತಾ ಮಾನದಂಡವಾದ ಸಿಪಿಎಸ್‌ಸಿ (CPSC) ಅಂತ ಇರಬೇಕು. ಐಎಸ್ 4151 ಅಂತಿದ್ದರೆ ಅದು ಬೈಕಿನ ಹೆಲ್ಮೆಟ್. ಅದು ಭಾರ, ಗಾಳಿಯೂ ಆಡುವುದಿಲ್ಲ. ಮಗು ಒಂದೇ ವಾರದಲ್ಲಿ ಮೂಲೆಗೆ ಎಸೆದೀತು.

ಹಾಕುವಾಗ

ಇಲ್ಲಿಯೇ ಜಾಸ್ತಿ ತಪ್ಪಾಗುವುದು. ಎಷ್ಟೋ ಮಕ್ಕಳು ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿ, ಬಕಲ್ ಬಿಚ್ಚಿಟ್ಟು ಹೋಗುತ್ತಾರೆ. ಅದು ಹಾಕದಿದ್ದ ಹಾಗೇ. ಹೆಲ್ಮೆಟ್ ಮಟ್ಟಸವಾಗಿ ಕೂರಬೇಕು. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳಿಗಿಂತ ಮೇಲೆ ಹೋಗಬಾರದು. ಹಿಂದಿನ ತಿರುಗಣಿಯನ್ನು ಬಿಗಿ ಮಾಡಿ. ಎರಡೂ ಪಟ್ಟಿ ಕಿವಿಯ ಕೆಳಗೆ ಸರಿಯಾಗಿ ಸೇರಲಿ. ಗಲ್ಲದ ಕೆಳಗೆ ಒಂದೆರಡು ಬೆರಳು ತೂರುವಷ್ಟು ಮಾತ್ರ ಜಾಗ ಇರಲಿ. ಈಗ ಮಗುವಿಗೆ ದೊಡ್ಡದಾಗಿ ಬಾಯಿ ತೆರೆಯಲು ಹೇಳಿ. ಆಗ ಹೆಲ್ಮೆಟ್ ತಲೆಯ ಮೇಲೆ ಸ್ವಲ್ಪ ಕೆಳಕ್ಕೆ ಎಳೆದಂತಾದರೆ ಬಿಗಿ ಸರಿಯಿದೆ. ಮುಂದೆ ಹಿಂದೆ ಅಲ್ಲಾಡಿಸಿ ನೋಡಿ, ಜಾರಬಾರದು.

ಹೈಸ್ಕೂಲ್ ಹುಡುಗಿಯರು ಎರಡು ಜಡೆ ಮಡಚಿ ರಿಬ್ಬನ್ ಕಟ್ಟಿರುತ್ತಾರಲ್ವಾ? ಗಂಟು ಮೇಲಿದ್ದರೆ ಹೆಲ್ಮೆಟ್ ಕೂರುವುದಿಲ್ಲ. ದಾರಿಯಲ್ಲಿ ಜಡೆ ಇಳಿಬಿಟ್ಟಿರಲಿ, ಶಾಲೆಗೆ ಹೋಗಿ ಮಡಚಿಕೊಳ್ಳಲಿ. ಶಾಲೆಯವರೂ ಇದಕ್ಕೆ ಒಪ್ಪಬೇಕು. ಇನ್ನೊಂದು ಮುಖ್ಯ ಮಾತು: ಸೈಕಲ್ ಇಳಿದ ಮೇಲೆ ಆಟಕ್ಕೆ, ಮರ ಹತ್ತುವುದಕ್ಕೆ ಹೆಲ್ಮೆಟ್ ಬೇಡ. ಪಟ್ಟಿ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಳಾದೀತು.

ಬಿಸಿಲಿಗೆ

ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಗಾಳಿಕಿಂಡಿ ಜಾಸ್ತಿ ಇರುವ, ತಿಳಿ ಬಣ್ಣದ ಹೆಲ್ಮೆಟ್ ಆರಿಸಿ. ಒಳಗೆ ತೆಳು ಹತ್ತಿ ಬಟ್ಟೆ ಸಾಕು, ದಪ್ಪ ಟವೆಲ್ ಅಥವಾ ಟೋಪಿ ಬೇಡ. ಬೆವರಿನ ಮೆತ್ತೆಗಳು ಕಳಚಿ ಬಂದರೆ ತೊಳೆದು ನೆರಳಲ್ಲಿ ಒಣಗಿಸಿ. ಹೆಲ್ಮೆಟ್ಟನ್ನು ಮಾಳಿಗೆಯ ಬಿಸಿಲಲ್ಲಿ ಬಿಡಬೇಡಿ. ಅದಕ್ಕೆ ಪೆಟ್ರೋಲ್, ಥಿನ್ನರ್ ತಾಗಿಸಬೇಡಿ. ಒಳಪದರ ಹಾಳಾಗುತ್ತದೆ.

ಬಿದ್ದ ಮೇಲೆ

ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಿ. ಒಮ್ಮೆ ಕುಗ್ಗಿದ ಪದರ ಮತ್ತೆ ಹಿಗ್ಗುವುದಿಲ್ಲ. ಬಿದ್ದ ಮಗು ಪದೇ ಪದೇ ವಾಂತಿ ಮಾಡಿದರೆ, ಮಂಪರಾದರೆ, ತಡವರಿಸಿ ಮಾತಾಡಿದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಬಂದರೆ ಕಾಯಬೇಡಿ. ಹೆಲ್ಮೆಟ್ ಹಾಕಿತ್ತಲ್ಲ ಅಂತ ಸುಮ್ಮನಿರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.