ವಾರಗಟ್ಟಲೆ ನಿಂತ ಹಳೇ ಕಾರನ್ನು ಮತ್ತೆ ಸ್ಟಾರ್ಟ್ ಮಾಡುವುದು

ಐದಾರು ವಾರ ನಿಂತ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಕಾರಿನ ಕೀ ತಿರುಗಿಸಿದರೆ ಸೆಲ್ಫ್ (ಸ್ಟಾರ್ಟರ್ ಮೋಟರು) ಚೆನ್ನಾಗಿಯೇ ಸುತ್ತುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಆಗ ಬ್ಯಾಟರಿ ಸೊರಗುವವರೆಗೆ ಸೆಲ್ಫ್ ಹೊಡೆಯುವುದೇ ಹೆಚ್ಚಿನವರು ಮಾಡುವ ತಪ್ಪು. ಅಂಥ ಕಾರಿನಲ್ಲಿ ಬಹುಪಾಲು ಸಲ ದೋಷವೇನೂ ಇರುವುದಿಲ್ಲ. ಕಾರ್ಬುರೇಟರಿನ ಫ್ಲೋಟ್ ಬೌಲ್ ಎಂಬ ಪುಟ್ಟ ಬಟ್ಟಲಿನಲ್ಲಿದ್ದ ಪೆಟ್ರೋಲು ಆವಿಯಾಗಿ ಹೋಗಿರುತ್ತದೆ, ಬೇರಿಂಗ್ ಮತ್ತು ಸಿಲಿಂಡರ್ ಗೋಡೆಗಳ ಮೇಲಿದ್ದ ಆಯಿಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿದಿರುತ್ತದೆ. ಈ ಎರಡನ್ನೂ ಅವುಗಳ ಜಾಗಕ್ಕೆ ವಾಪಸ್ ತಂದು, ಆಮೇಲೆ ಕಿಡಿ ಕೊಡಬೇಕು. ಕೆಲಸದ ಸಾರ ಇಷ್ಟೇ.

ಇಲ್ಲಿ ಹೇಳುವುದು ಮೂರು ವಾರದಿಂದ ಮೂರು ತಿಂಗಳವರೆಗೆ ನಿಂತ ಕಾರಿನ ಮಾತು. ಆರು ತಿಂಗಳು ದಾಟಿದ್ದರೆ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ, ಅಂದರೆ ಸುಮಾರು 5 ಮಿ.ಲೀ. ಎಂಜಿನ್ ಆಯಿಲ್ ಹಾಕಿ, ಕೈಯಿಂದ ಎಂಜಿನ್ ಎರಡು ಸುತ್ತು ತಿರುಗುತ್ತದೆಯೇ ಎಂದು ನೋಡದೆ ಸೆಲ್ಫ್ ಮುಟ್ಟಬಾರದು.

ಕೀ ಹಾಕುವ ಮೊದಲು

ಮೊದಲು ನೆಲ ನೋಡಿ. ಎಂಜಿನ್ ಕೆಳಗೆ ಒಂದೆರಡು ಹನಿ ಆಯಿಲ್ ಬಿದ್ದಿರುವುದು ಹಳೇ ಕಾರುಗಳಲ್ಲಿ ಸಾಮಾನ್ಯ. ಆದರೆ ಟೈರಿನ ಒಳಮೈ ಮೇಲೆ ಜಾರುವಂಥ ಒದ್ದೆ ಗೆರೆ ಇದ್ದರೆ ಬ್ರೇಕಿನ ವೀಲ್ ಸಿಲಿಂಡರ್ ಸೋರುತ್ತಿದೆ ಎಂದರ್ಥ. ಆ ಕಾರು ಅವತ್ತು ಹೊರಡುವುದಿಲ್ಲ. ಪೆಟ್ರೋಲಿನ ವಾಸನೆ ಬಂದರಂತೂ ಯಾವ ಸ್ವಿಚ್ಚೂ ಹಾಕಬೇಡಿ. ಬಾಗಿಲುಗಳನ್ನು ತೆರೆದಿಟ್ಟು, ವಾಸನೆ ಪೂರ್ತಿ ಹೋದಮೇಲೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ. ಹಳೇ ರಬ್ಬರ್ ಹೋಸ್‌ಗಳಿಗೆ ಎಥನಾಲ್ ಬೆರೆತ ಪೆಟ್ರೋಲು ಆಗಿಬರುವುದಿಲ್ಲ. ಹೋಸನ್ನು ಬೆರಳಲ್ಲಿ ಬಾಗಿಸಿದಾಗ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ, ಅಥವಾ ಒತ್ತಿದಾಗ ಮೆತ್ತಗೆ ಅಂಟಿದಂತಾದರೆ, ಎಥನಾಲ್ ತಡೆಯುವ ಹೊಸ ಹೋಸ್ ಹಾಕಲೇಬೇಕು. ಹಳೇ ಕಾರುಗಳಿಗೆ ಬೆಂಕಿ ಹೊತ್ತುವುದು ಹೆಚ್ಚಾಗಿ ಇಂಥ ಒಂದು ಗೇಣು ಹೋಸಿನಿಂದಲೇ.

ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡುವುದಷ್ಟೇ ಅಲ್ಲ, ಮೂಸಿಯೂ ನೋಡಿ. ಆಯಿಲ್ ಮಟ್ಟ ಮೊದಲಿಗಿಂತ ಏರಿ, ಪೆಟ್ರೋಲು ವಾಸನೆ ಹೊಡೆದರೆ ಎಂಜಿನ್ನಿನಿಂದಲೇ ನಡೆಯುವ ಪೆಟ್ರೋಲು ಪಂಪಿನ (ಮೆಕ್ಯಾನಿಕಲ್ ಪಂಪ್) ಒಳಗಿನ ಪೊರೆ, ಅಂದರೆ ಡಯಾಫ್ರಮ್, ಹರಿದಿರಬಹುದು. ತೆಳ್ಳಗಾದ ಆ ಆಯಿಲ್ ಬೇರಿಂಗ್ ಕಾಪಾಡುವುದಿಲ್ಲ, ಬದಲಾಯಿಸಿಯೇ ಮುಂದುವರಿಯಬೇಕು. ರೇಡಿಯೇಟರ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೀರು ನೋಡಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಕಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬ್ರೇಕ್ ಪೆಡಲ್ ಒತ್ತಿ ಹಿಡಿದು ಮೂವತ್ತು ಎಣಿಸಿ. ಅದು ಕಾಲಡಿಯಲ್ಲಿ ಮೆಲ್ಲಗೆ ಕೆಳಗಿಳಿದರೆ ಕಾರು ನಿಂತಲ್ಲೇ ಇರಲಿ.

ಬ್ಯಾಟರಿ

12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಇದ್ದರೆ ಅರ್ಧ ಖಾಲಿ. 12.4ಕ್ಕಿಂತ ಕಡಿಮೆಯಿದ್ದರೆ ಪ್ರಯತ್ನಕ್ಕೆ ಮೊದಲೇ ನಿಧಾನ ಚಾರ್ಜಿಗೆ ಹಾಕಿ. ಬ್ಯಾಟರಿಯ ಆಂಪಿಯರ್-ಅವರ್ ಸಂಖ್ಯೆಯ ಹತ್ತನೇ ಒಂದು ಪಾಲು ಕರೆಂಟ್ ಸಾಕು, 40ರ ಬ್ಯಾಟರಿಗೆ 4 ಆಂಪಿಯರ್. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಕಂಬಗಳ (ಟರ್ಮಿನಲ್) ನಡುವೆ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಕಿಡಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಸಿಗಬೇಕಾದ ಶಕ್ತಿ ಸಿಗದೆ ಕಿಡಿ ಸೊರಗುತ್ತದೆ. ಎಂಜಿನ್ ಸುತ್ತುತ್ತಿದ್ದರೂ ಹಿಡಿಯದಿರಲು ಇದೂ ಒಂದು ಕಾರಣ.

ಬೇರೆ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಕೊಡುವ ಮೊದಲು ನಿಮ್ಮ ಕಾರಿನ ಲೋಹದ ಮೈಗೆ (ಬಾಡಿ) ಕಟ್ಟಿರುವುದು ಬ್ಯಾಟರಿಯ ಯಾವ ಕಂಬ ಎಂದು ಕಣ್ಣಾರೆ ನೋಡಿ. 1960ರ ದಶಕದವರೆಗಿನ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಕಂಬವೇ ಬಾಡಿಗೆ ಹೋಗುತ್ತದೆ. ಕೆಲವು ಕಾರುಗಳು 6 ವೋಲ್ಟಿನವು.

ಪೆಟ್ರೋಲು ಮತ್ತು ಆಯಿಲ್, ಒಂದೇ ಸಲಕ್ಕೆ

ಮೆಕ್ಯಾನಿಕಲ್ ಪಂಪ್ ಇರುವ ಕಾರಿನಲ್ಲಿ ಎಂಜಿನ್ ತಿರುಗಿದರಷ್ಟೇ ಪೆಟ್ರೋಲು ಮೇಲೆ ಬರುತ್ತದೆ. ಆಯಿಲ್ ಪ್ರೆಷರ್ ಬರುವುದೂ ಹಾಗೆಯೇ. ಆದ್ದರಿಂದ ಕಿಡಿ ಇಲ್ಲದೆ ಸೆಲ್ಫ್ ಹೊಡೆದರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತವೆ, ಒಣಗಿದ ಬೇರಿಂಗ್ ಮೇಲೆ ಸ್ಫೋಟದ ಭಾರವೂ ಬೀಳುವುದಿಲ್ಲ.

ಇದಕ್ಕೆ ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲ್‌ಗೆ ಬರುವ ಸಣ್ಣ ವೈರನ್ನು ಬಿಚ್ಚಿ, ತುದಿಗೆ ಟೇಪ್ ಸುತ್ತಿ ಬಾಡಿಗೆ ತಾಗದಂತೆ ಬದಿಗಿಡಿ. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಹೋಗುವ ದಪ್ಪ ವೈರನ್ನು ಕಿತ್ತು ಗಾಳಿಯಲ್ಲಿ ಬಿಡಬೇಡಿ. ಹೋಗಲು ದಾರಿ ಸಿಗದ ಹೈ ವೋಲ್ಟೇಜ್ ಕಾಯಿಲಿನ ಒಳಗಿನ ಇನ್ಸುಲೇಶನ್ನನ್ನೇ ಸುಡುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಚೋಕ್ (ತಣ್ಣನೆಯ ಎಂಜಿನ್‌ಗೆ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ) ಎಳೆಯಬೇಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಹತ್ತು ಸೆಕೆಂಡು ಸೆಲ್ಫ್ ಹೊಡೆದು, ಅರ್ಧ ನಿಮಿಷ ಬಿಡಿ. ಸೆಲ್ಫ್ ಮೋಟರಿನಲ್ಲಿ ಹರಿಯುವುದು ನೂರಾರು ಆಂಪಿಯರ್. ಬಿಡುವು ಕೊಡದಿದ್ದರೆ ಅದರ ವೈಂಡಿಂಗ್ ಸುಡುತ್ತದೆ. ಆಯಿಲ್ ದೀಪ ಆರುವವರೆಗೆ ಅಥವಾ ಗೇಜಿನ ಮುಳ್ಳು ಏಳುವವರೆಗೆ ಹೀಗೆ ಮಾಡಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ ಸಾಕು.

ಎಸ್‌ಯು ಎಂಬ ಬ್ರಿಟಿಷ್ ಕಂಪನಿಯ ಮಾದರಿಯ ಎಲೆಕ್ಟ್ರಿಕ್ ಪಂಪ್ ಇದ್ದರೆ ಕಿವಿಯೇ ಮೀಟರು. ಇಗ್ನಿಷನ್ ಹಾಕಿದ ಕೂಡಲೇ ಅದು ಟಕಟಕನೆ ವೇಗವಾಗಿ ಬಡಿಯುತ್ತದೆ, ಬೌಲ್ ತುಂಬುತ್ತ ಬಂದಂತೆ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ನಿಲ್ಲದೆ ಬಡಿಯುತ್ತಲೇ ಇದ್ದರೆ ಒಂದೋ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಪೆಟ್ರೋಲು ಹೊರಗೆ ಚೆಲ್ಲುತ್ತಿದೆ. ಒಂದೂ ಸಲ ಬಡಿಯದಿದ್ದರೆ ಪಂಪಿನ ಪಾಯಿಂಟ್ (ಕರೆಂಟ್ ಕೊಟ್ಟು ಕಡಿಯುವ ಪುಟ್ಟ ಸ್ವಿಚ್) ಅಂಟಿರಬಹುದು. ಸ್ಕ್ರೂಡ್ರೈವರ್ ಹಿಡಿಯಿಂದ ಅದರ ಮೈಗೆ ಮೆತ್ತಗೆ ತಟ್ಟಿದರೆ ಎಷ್ಟೋ ಸಲ ಎದ್ದುಬಿಡುತ್ತದೆ. ಅದು ತಾತ್ಕಾಲಿಕ, ಪಾಯಿಂಟ್ ಬಿಚ್ಚಿ ಶುಚಿ ಮಾಡಲೇಬೇಕು. ಇಗ್ನಿಷನ್ ಹಾಕಿ ಎಂಜಿನ್ ಓಡಿಸದೆ ನಿಮಿಷಗಟ್ಟಲೆ ಬಿಡುವುದು ಮಾತ್ರ ಒಳ್ಳೆಯದಲ್ಲ. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲ್ ಬಿಸಿಯೇರುತ್ತದೆ.

ಬ್ಯಾಟರಿ ಬಲ ಉಳಿಸಬೇಕೆಂದರೆ ಇನ್ನೊಂದು ದಾರಿಯಿದೆ. ಪ್ಲಾಸ್ಟಿಕ್ ಸಿರಿಂಜಿನಲ್ಲಿ 30 ಮಿ.ಲೀ. ಹೊಸ ಪೆಟ್ರೋಲು ತೆಗೆದುಕೊಂಡು ಬೌಲಿನ ಗಾಳಿರಂಧ್ರದ ಮೂಲಕ ಒಳಗೆ ಬಿಡಿ. ಈಥರ್ ಸ್ಪ್ರೇ ಹೊಡೆಯುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆ ಸ್ಪ್ರೇ ಒಣ ಸಿಲಿಂಡರಿನಲ್ಲಿ ಒಮ್ಮೆಲೇ ಜೋರಾಗಿ ಹೊತ್ತಿ ಪಿಸ್ಟನ್, ರಿಂಗ್‌ಗಳಿಗೆ ಪೆಟ್ಟು ಕೊಡುತ್ತದೆ.

ಸ್ಟಾರ್ಟ್

ವೈರ್ ಮತ್ತೆ ಜೋಡಿಸಿ, ಏರ್ ಫಿಲ್ಟರ್ ಹಾಕಿ, ಗ್ಯಾರೇಜ್ ಬಾಗಿಲು ಪೂರ್ತಿ ತೆರೆಯಿರಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಚೋಕ್ ಎಳೆದ ತಣ್ಣನೆಯ ಎಂಜಿನ್ ಅದನ್ನು ಧಾರಾಳವಾಗಿ ಉಗುಳುತ್ತದೆ. ಪೆಟ್ರೋಲು ಬೆಂಕಿಗೆ ಆಗುವ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಚೋಕ್ ಪೂರ್ತಿ ಎಳೆಯಿರಿ. ವೆಬರ್, ಸೋಲೆಕ್ಸ್‌ನಂಥ ಆಕ್ಸಿಲರೇಟರ್ ಪಂಪ್ (ಪೆಡಲ್ ಒತ್ತಿದಾಗ ಪೆಟ್ರೋಲು ಚಿಮ್ಮಿಸುವ ಪಂಪ್) ಇರುವ ಕಾರ್ಬುರೇಟರ್ ಆದರೆ ಪೆಡಲನ್ನು ಎರಡು ಸಲ ಪೂರ್ತಿ ಒತ್ತಿ ಬಿಡಿ. ಎಸ್‌ಯು ಕಾರ್ಬುರೇಟರಿನಲ್ಲಿ ಆ ಪಂಪ್ ಇಲ್ಲ, ನಿಂತ ಎಂಜಿನ್‌ನಲ್ಲಿ ಪೆಡಲ್ ಎಷ್ಟು ತುಳಿದರೂ ಒಂದು ಹನಿಯೂ ಹೋಗುವುದಿಲ್ಲ. ಅದರ ಬದಲು ಕಾರ್ಬುರೇಟರಿನ ಮೇಲಿನ ಡ್ಯಾಶ್‌ಪಾಟ್ (ಆಯಿಲ್ ತುಂಬುವ ಕೊಳವೆ) ಮುಚ್ಚಳ ಬಿಚ್ಚಿ ಆಯಿಲ್ ಇದೆಯೇ ನೋಡಿ. ಮುಚ್ಚಳವನ್ನು ವಾಪಸ್ ಇಳಿಸುವಾಗ, ಕೂರಲು ಸುಮಾರು 6 ಮಿ.ಮೀ. ಬಾಕಿ ಇರುವಾಗಲೇ ಕೈಗೆ ತಡೆ ಸಿಗಬೇಕು.

ಕ್ಲಚ್ ಒತ್ತಿ ಸೆಲ್ಫ್ ಹೊಡೆಯಿರಿ. ಹಿಡಿದ ಕೂಡಲೇ ರೇಸ್ ಕೊಡಬೇಡಿ. ನಿಮಿಷಕ್ಕೆ 1200ರಿಂದ 1500 ಸುತ್ತಿನಲ್ಲಿ ನಿಲ್ಲುವಷ್ಟು ಚೋಕ್ ಒಳಗೆ ತಳ್ಳಿ. ನಾಲ್ಕೈದು ಸೆಕೆಂಡಿನಲ್ಲಿ ಆಯಿಲ್ ದೀಪ ಆರದಿದ್ದರೆ ತಕ್ಷಣ ನಿಲ್ಲಿಸಿ. ಆರಿದರೆ ಇಳಿದು ಬಾನೆಟ್ ಒಳಗೆ ಕಾರ್ಬುರೇಟರ್ ಸುತ್ತ ನೋಡಿ. ಒಣಗಿದ ಅಂಟಿನಿಂದ ಫ್ಲೋಟಿನ ಸೂಜಿ ಸಿಕ್ಕಿಕೊಂಡು ಪೆಟ್ರೋಲು ಉಕ್ಕಿ ಬೀಳುವುದು ಈ ಮೊದಲ ನಿಮಿಷದಲ್ಲೇ. ಉಕ್ಕುತ್ತಿದ್ದರೆ ಎಂಜಿನ್ ನಿಲ್ಲಿಸಿ, ಚೆಲ್ಲಿದ್ದು ಒಣಗಿದಮೇಲೆ ಬೌಲಿನ ಬದಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಮತ್ತೊಮ್ಮೆ ನೋಡಿ.

ಹಿಡಿಯದಿದ್ದರೆ

ಪೆಟ್ರೋಲು ವಾಸನೆ ಜೋರಾಗಿದ್ದರೆ ಫ್ಲಡ್ ಆಗಿದೆ, ಅಂದರೆ ಎಂಜಿನ್ ಒಳಗೆ ಪೆಟ್ರೋಲು ಹೆಚ್ಚಾಗಿದೆ. ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಹಿಡಿದು ಎಂಟು ಸೆಕೆಂಡು ಸೆಲ್ಫ್ ಹೊಡೆಯಿರಿ. ಒತ್ತಿ ಹಿಡಿಯುವುದು ಮುಖ್ಯ. ಆಕ್ಸಿಲರೇಟರ್ ಪಂಪ್ ಇರುವ ಕಾರ್ಬುರೇಟರಿನಲ್ಲಿ ಮೇಲೆ ಕೆಳಗೆ ತುಳಿದರೆ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ.

ವಾಸನೆಯೇ ಇಲ್ಲದಿದ್ದರೆ, ಆಕ್ಸಿಲರೇಟರ್ ಪಂಪ್ ಇರುವ ಕಾರ್ಬುರೇಟರಿನ ಬಾಯೊಳಗೆ ಟಾರ್ಚ್ ಬಿಟ್ಟು ಥ್ರಾಟಲ್ ಲಿವರ್ ಎಳೆಯಿರಿ. ದಾರದಂಥ ಪೆಟ್ರೋಲಿನ ಎಳೆ ಚಿಮ್ಮಬೇಕು. ಚಿಮ್ಮದಿದ್ದರೆ ಬೌಲ್ ಇನ್ನೂ ಖಾಲಿ. ಚಿಮ್ಮಿಯೂ ಹಿಡಿಯದಿದ್ದರೆ ಪೆಟ್ರೋಲು ಹಳಸಿರಬಹುದು. ತಣ್ಣನೆಯ ಎಂಜಿನ್ ಹಿಡಿಯಲು ಬೇಕಾದ ಹಗುರ ಅಂಶಗಳೇ ಮೊದಲು ಹಾರಿಹೋಗುವುದರಿಂದ, ಹತ್ತು ಲೀಟರ್ ಹೊಸ ಪೆಟ್ರೋಲು ಬೆರೆಸಿದರೆ ವ್ಯತ್ಯಾಸ ಕಾಣುತ್ತದೆ.

ಪೆಟ್ರೋಲು ಸರಿಯಿದ್ದು ಕಿಡಿ ಇಲ್ಲದಿದ್ದರೆ ಅನುಮಾನ ಮೊದಲು ಪಾಯಿಂಟ್ ಮೇಲೆ. ತೇವದಲ್ಲಿ ನಿಂತ ಪಾಯಿಂಟಿನ ಮೇಲೆ ಕಣ್ಣಿಗೆ ಕಾಣದ ತೆಳು ಆಕ್ಸೈಡ್ ಪದರ ಕೂರುತ್ತದೆ. ಇಗ್ನಿಷನ್ ಹಾಕಿ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಸಣ್ಣ ವೈರ್ ಹೋಗುವ ತುದಿಯಲ್ಲಿ ಅಳೆಯಿರಿ. ಪಾಯಿಂಟ್ ತೆರೆದಾಗ ಬ್ಯಾಟರಿಯ ವೋಲ್ಟೇಜ್, ಮುಚ್ಚಿದಾಗ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಮುಚ್ಚಿದಾಗಲೂ ವೋಲ್ಟೇಜ್ ಉಳಿದರೆ ಕರೆಂಟ್ ಪದರ ದಾಟುತ್ತಿಲ್ಲ. ಇಗ್ನಿಷನ್ ಆಫ್ ಮಾಡಿ, ಬಹಳ ನಯವಾದ ಎಮರಿ ಕಾಗದವನ್ನು ಪಾಯಿಂಟ್‌ಗಳ ನಡುವೆ ಎರಡು ಸಲ ಎಳೆದು, ಆಮೇಲೆ ಬಿಳಿ ಕಾಗದದ ಪಟ್ಟಿ ಎಳೆದು ಪುಡಿ ತೆಗೆಯಿರಿ. ಅಂತರ ಹೆಚ್ಚಿನ ಕಾರುಗಳಲ್ಲಿ 0.35ರಿಂದ 0.40 ಮಿ.ಮೀ., ನಿಮ್ಮ ಕಾರಿನ ಕೈಪಿಡಿ ಹೇಳಿದ್ದೇ ಅಂತಿಮ.

ಸ್ಟಾರ್ಟ್ ಆದಮೇಲೆ ಓಡಿಸಲೇಬೇಕು

ಐದು ನಿಮಿಷ ನಿಂತಲ್ಲೇ ಓಡಿಸಿ ಆಫ್ ಮಾಡುವ ಅಭ್ಯಾಸ ಕಾರನ್ನು ಉಳಿಸುವುದಿಲ್ಲ, ಒಳಗಿಂದ ಕೊಲ್ಲುತ್ತದೆ. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್ ಕಾಯದಿದ್ದರೆ ಅದರಲ್ಲಿ ಒಂದಷ್ಟು ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ಉಳಿದು ತುಕ್ಕು ಹಿಡಿಸುತ್ತದೆ. ಆಯಿಲ್ ತುಂಬುವ ಮುಚ್ಚಳದ ಅಡಿ ಬೆಣ್ಣೆಯಂಥ ಬಿಳಿ ಪದರ ಕಂಡರೆ ಅದು ಹೆಚ್ಚಾಗಿ ಈ ನೀರೇ. ಓಡಿಸಲು ಸಮಯವಿಲ್ಲದ ದಿನ ಸ್ಟಾರ್ಟ್ ಮಾಡದಿರುವುದೇ ಮೇಲು.

ಮೊದಲ ಹತ್ತು ಮೀಟರಿನಲ್ಲೇ ಬ್ರೇಕ್ ಒತ್ತಿ ನೋಡಿ. ಡಿಸ್ಕ್ ಮೇಲಿನ ತೆಳು ತುಕ್ಕು ಕೆರೆಯುವ ಸದ್ದು ನಾಲ್ಕಾರು ಸಲ ಬ್ರೇಕ್ ಹಿಡಿದಮೇಲೆ ಹೋಗುತ್ತದೆ. ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಕರಕರ ಎಂದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿದೆ. ಬಲವಂತ ಮಾಡದೆ ಎಂಜಿನ್ ನಿಲ್ಲಿಸಿ, ಪೆಡಲನ್ನು ಮರದ ತುಂಡಿನಿಂದ ಒತ್ತಿಟ್ಟು ಒಂದು ರಾತ್ರಿ ಬಿಡಿ. ಟೈರು ನಿಂತಲ್ಲೇ ಚಪ್ಪಟೆಯಾಗಿದ್ದರೆ ಮೊದಲ ಕೆಲವು ಕಿಲೋಮೀಟರ್ ಸ್ಟೀರಿಂಗ್ ನಡುಗುತ್ತದೆ, ಟೈರು ಕಾದಂತೆ ಸರಿಹೋಗುತ್ತದೆ. ಟೆಂಪರೇಚರ್ ಮುಳ್ಳು ಸರಿಯಾದ ಜಾಗಕ್ಕೆ ಬಂದಮೇಲೂ ಇಪ್ಪತ್ತು ನಿಮಿಷ ಓಡಿಸಿ, ಏಕೆಂದರೆ ಆಯಿಲ್ ನೀರಿಗಿಂತ ತಡವಾಗಿ ಕಾಯುತ್ತದೆ.

ವಾಪಸ್ ತಂದು ಸಮತಟ್ಟು ಜಾಗದಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬ್ರೇಕ್ ಶೂ ಡ್ರಮ್ಮಿಗೆ ಅಂಟುತ್ತದೆ. ಮೊದಲ ಗೇರಿಗೆ ಹಾಕಿ, ಚಕ್ರದ ಎರಡೂ ಬದಿಗೆ ಅಡ್ಡಕಟ್ಟೆ ಕೊಡಿ, ಬ್ಯಾಟರಿಯಿಂದ ಬಾಡಿಗೆ ಹೋಗುವ ವೈರ್ ಬಿಚ್ಚಿಡಿ. ಮುಂದಿನ ಸಲ ಗೇರ್ ನ್ಯೂಟ್ರಲ್‌ಗೆ ತರುವುದನ್ನು ಮರೆಯದಂತೆ ಸ್ಟೀರಿಂಗ್‌ಗೆ ಒಂದು ಚೀಟಿ ಕಟ್ಟಿ.