ಒಂಬತ್ತನೇ ಆಜ್ಞೆ ಮತ್ತು ಫಾರ್ವರ್ಡ್ ಬಟನ್: ತರಗತಿಯಲ್ಲಿ ನನ್ನ ಅನುಭವ

ನಾನು ಮಂಗಳೂರಿನ ಒಂದು ಅನುದಾನಿತ ಕ್ರೈಸ್ತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೌಲ್ಯ ಶಿಕ್ಷಣದ ಪೀರಿಯಡ್ ಕೂಡ ನನ್ನದೇ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಚರ್ಚ್) ಸಭೆಯವಳು, ಭಾನುವಾರ ಸಂಡೇ ಸ್ಕೂಲ್ ಮಕ್ಕಳ ಜೊತೆ ಇರುತ್ತೇನೆ. ಹಾಗಾಗಿ ಬೇರೆ ಶಾಲೆಯ ಟೀಚರ್‌ಗಳು ಸಿಕ್ಕಾಗ ಆಗಾಗ ಕೇಳುತ್ತಾರೆ: ಮೊಬೈಲು, ಎಐ ಎಲ್ಲ ಬಂದಿರುವ ಈ ಕಾಲದಲ್ಲಿ ನಿಮ್ಮ ವಿಶ್ವಾಸಕ್ಕೂ ಪಾಠಕ್ಕೂ ಹೇಗೆ ಹೊಂದಿಸುತ್ತೀರಿ ಅಂತ. ನಾನು ಮಾಡುವುದನ್ನು ಮಾಡುವ ಹಾಗೇ ಬರೆಯುತ್ತೇನೆ.

ಮೊದಲು ಒಂದು ಮಾತು. ನನ್ನ ತರಗತಿಯಲ್ಲಿ ಕ್ರೈಸ್ತ ಮಕ್ಕಳು ಕಡಿಮೆ. ಹಿಂದೂ, ಮುಸ್ಲಿಂ ಮಕ್ಕಳೇ ಜಾಸ್ತಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ನಾನು ಇದೇ ವಿಧಿಯನ್ನು ಮಕ್ಕಳಿಗೆ ಪಾಠ ಮಾಡುವವಳು. ಹಾಗಾಗಿ ಸತ್ಯವೇದದ (ಬೈಬಲಿನ) ಪಾಠ ಒಪ್ಪಿಗೆ ಕೊಟ್ಟವರ ಮಕ್ಕಳಿಗೆ ಮಾತ್ರ, ಬೇರೆ ಕೋಣೆಯಲ್ಲಿ. ಎಲ್ಲರೂ ಕೂತಿರುವಾಗ ನನ್ನ ವಿಶ್ವಾಸ ಕಾಣಬೇಕಾದದ್ದು ನನ್ನ ನಡತೆಯಲ್ಲಿ, ನಾನು ಎತ್ತುವ ಪ್ರಶ್ನೆಗಳಲ್ಲಿ.

ತಂತ್ರಜ್ಞಾನ ಅಂದರೆ ಸೈತಾನನ ಕೆಲಸ ಎನ್ನುವ ಹಿರಿಯರು ಸಭೆಯಲ್ಲಿ ಈಗಲೂ ಇದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಈ ಊರಿಗೆ ಬಂದವರು. 1843ರಲ್ಲಿ ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. 1865ರಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾಯಿತು. ಅಂದರೆ ಆ ಕಾಲದ ಹೊಸ ಯಂತ್ರಗಳನ್ನು ಈ ಊರಿನ ಸಭೆಯೇ ಕೈಯಲ್ಲಿ ಹಿಡಿದಿತ್ತು. ಸತ್ಯವೇದದ ವಿಮೋಚನಕಾಂಡದಲ್ಲಿ ಬೆಚಲೇಲ ಎಂಬ ಕುಶಲಕರ್ಮಿ ಬರುತ್ತಾನೆ. ದೇವರು ಅವನನ್ನು ತನ್ನ ಆತ್ಮದಿಂದ ತುಂಬಿಸಿದ್ದು ಚಿನ್ನ, ಬೆಳ್ಳಿ, ಮರದ ಕೆಲಸಕ್ಕಾಗಿ. ಅದೇ ಸತ್ಯವೇದದಲ್ಲಿ ಬಾಬೆಲಿನವರು ಇಟ್ಟಿಗೆ ಸುಟ್ಟು ಗೋಪುರ ಕಟ್ಟಿದ್ದು ತಮಗೆ ಹೆಸರು ಬರಲಿ ಅಂತ. ಎರಡೂ ಕಡೆ ಕೈಕೆಲಸವೇ. ಯಾರಿಗಾಗಿ, ಯಾತಕ್ಕಾಗಿ ಅನ್ನುವುದು ಬೇರೆ. ಸತ್ಯವೇದದ ತರಗತಿಯಲ್ಲಿ ಈ ಎರಡು ಕಥೆಗಳನ್ನು ಒಟ್ಟಿಗೆ ಓದಿಸುತ್ತೇನೆ, ಎಐ ಚರ್ಚೆಗೆ ಅದೇ ಸಾಕು.

ನಾನು ಹೆಚ್ಚು ಸಮಯ ಕೊಡುವುದು ವಾಟ್ಸಾಪ್ ಫಾರ್ವರ್ಡ್‌ಗಳಿಗೆ. ಹೋಮ್‌ವರ್ಕ್‌ನಲ್ಲಿ ಎಐ ಬಳಸಿದರೆ ಹಾಳಾಗುವುದು ಒಂದು ಮಗುವಿನ ಕಲಿಕೆ. ಸುಳ್ಳು ಫಾರ್ವರ್ಡ್ ಇನ್ನೊಬ್ಬರ ಜೀವ ತೆಗೆಯಬಹುದು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನೆನಪಿದೆಯಲ್ವಾ? ಕಾರಿನಲ್ಲಿ ಬಂದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಹರಡಿತು. ಜನ ಸೇರಿ ಹೊಡೆದರು, ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಸತ್ತೇ ಹೋದ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂಬ ಮಿತಿ ತರುವುದಾಗಿ ಹೇಳಿತು. ಇದನ್ನು ಹೇಳಿದಾಗ ಒಂಬತ್ತನೇ ತರಗತಿ ಪೂರ್ತಿ ಸುಮ್ಮನಾಗುತ್ತದೆ. ಚಾಕೊಲೇಟ್ ತಗೊಂಡವರು ತಮ್ಮಂಥ ಮಕ್ಕಳು ಅಂತ ಅವರಿಗೆ ತಕ್ಷಣ ಹೊಳೆಯುತ್ತದೆ.

ಆಮೇಲೆ ನಾನು ನನ್ನ ಮಾತು ಇಡುತ್ತೇನೆ: ನನ್ನ ಧರ್ಮದಲ್ಲಿ ಹತ್ತು ಆಜ್ಞೆಗಳಿವೆ, ನಿನ್ನ ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅನ್ನುವುದು ಒಂಬತ್ತನೆಯದು, ನಾನು ಫಾರ್ವರ್ಡ್ ಒತ್ತುವ ಮುಂಚೆ ಅದನ್ನು ನೆನೆಯುತ್ತೇನೆ. (ಕಥೋಲಿಕ ಮಕ್ಕಳು ತಕ್ಷಣ ಕೈ ಎತ್ತಿ ಎಂಟನೆಯದು ಎನ್ನುತ್ತಾರೆ. ಅವರು ಎಣಿಸುವ ಕ್ರಮ ಬೇರೆ.) ನಂತರ ಕೇಳುತ್ತೇನೆ, ನಿಮ್ಮ ಮನೆಯಲ್ಲಿ ಇದರ ಬಗ್ಗೆ ಏನು ಹೇಳುತ್ತಾರೆ, ಕೇಳಿಕೊಂಡು ಬನ್ನಿ. ಒಬ್ಬಳು ಬಸವಣ್ಣನವರ ವಚನ ಹೇಳಿದಳು. ಒಬ್ಬ ಹುಡುಗ ಅಜ್ಜನನ್ನು ಕೇಳಿ ಬಂದಿದ್ದ. ನಂಬಲಾಗದವನು ಸುದ್ದಿ ತಂದರೆ ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ಗೊತ್ತಿಲ್ಲದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುತ್ತೀರಿ ಎಂದು ಕುರ್‌ಆನಿನ 49ನೇ ಅಧ್ಯಾಯದಲ್ಲಿದೆ ಅಂದ. ಅವನು ಅದನ್ನು ವಿವರಿಸಿದ ರೀತಿ ನನಗೆ ತುಂಬಾ ಇಷ್ಟವಾಯಿತು. ಈಗ ಪ್ರತಿ ವರ್ಷ ಈ ಪಾಠದಲ್ಲಿ ಅದನ್ನೂ ಸೇರಿಸುತ್ತೇನೆ.

ಇನ್ನು ಪ್ರಾಯೋಗಿಕ ಕೆಲಸ. ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ, ಹಾಗಾಗಿ ಸ್ಮಾರ್ಟ್‌ಬೋರ್ಡ್‌ನಲ್ಲೇ ಮಾಡುತ್ತೇವೆ. ಮಳೆಗಾಲ ಬಂತೆಂದರೆ ಘಾಟಿಯಲ್ಲಿ ಗುಡ್ಡ ಕುಸಿದ ಫೋಟೋಗಳು ಓಡಾಡುತ್ತವೆ. ಅದರಲ್ಲಿ ಒಂದನ್ನು ತೆಗೆದುಕೊಂಡು, ಅದೇ ಫೋಟೋ ಅಂತರ್ಜಾಲದಲ್ಲಿ ಬೇರೆ ಎಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕುತ್ತೇವೆ. ಎಷ್ಟೋ ಸಲ ಅದು 2018ರ ಕೊಡಗಿನ ಭೂಕುಸಿತದ್ದು, ಅಥವಾ ಬೇರೆ ರಾಜ್ಯದ್ದು. ಯಾವಾಗಿನದು, ಎಲ್ಲಿಯದು, ಮೊದಲು ಹಾಕಿದವರು ಯಾರು ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ಕೊನೆಗೆ ಒಂದು ಪ್ರಶ್ನೆ ಯಾವಾಗಲೂ ಇರುತ್ತದೆ: ಇದು ಸುಳ್ಳಾದರೆ ನೋವು ಯಾರಿಗೆ? ಆ ಘಾಟಿಯಾಚೆ ಮಗಳ ಮನೆ ಇರುವ ತಾಯಿಗೆ, ರಾತ್ರಿ ಬಸ್ಸಿನಲ್ಲಿ ಬರುತ್ತಿರುವವರ ಮನೆಯವರಿಗೆ. ಹೀಗೆ ಮಕ್ಕಳು ಹೆಸರಿಲ್ಲದ 'ಜನ'ರನ್ನು ಬಿಟ್ಟು ಒಬ್ಬೊಬ್ಬ ಮನುಷ್ಯರನ್ನು ಯೋಚಿಸಲು ಶುರು ಮಾಡುತ್ತಾರೆ. ಎರಡು ಧರ್ಮಗಳ ಜಗಳದ ಫಾರ್ವರ್ಡ್‌ಗಳನ್ನು ಮಾತ್ರ ನಾನು ತರಗತಿಗೆ ತರುವುದಿಲ್ಲ. ನಮ್ಮ ಕರಾವಳಿಯಲ್ಲಿ ಆ ಗಾಯಗಳು ಹಸಿಯಾಗಿವೆ. ಮಕ್ಕಳು ಮೊದಲು ಗುಡ್ಡದ ಫೋಟೋದಲ್ಲಿ ಈ ಅಭ್ಯಾಸ ಕಲಿಯಲಿ, ಆಮೇಲೆ ಅದನ್ನು ಅವರೇ ಎಲ್ಲ ಕಡೆ ಬಳಸುತ್ತಾರೆ.

ಎಐ ವಿಷಯಕ್ಕೆ ಬಂದರೆ, ನಾನು ಮನೆಗೆಲಸವನ್ನೇ ಬದಲಾಯಿಸಿದ್ದೇನೆ. 'ಸ್ವಾತಂತ್ರ್ಯ ಹೋರಾಟದ ಬಗ್ಗೆ ಪ್ರಬಂಧ ಬರೆಯಿರಿ' ಎಂದರೆ ಚಾಟ್‌ಜಿಪಿಟಿ ಬರೆದುಕೊಡುತ್ತದೆ. 'ನಿಮ್ಮ ಬೀದಿಯ ಹಳೇ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಮಾತಾಡಿಸಿ ಬನ್ನಿ' ಎಂದರೆ ಅದಕ್ಕೆ ಆಗುವುದಿಲ್ಲ. ಬರೆದು ತಂದದ್ದನ್ನು ಎದುರು ಕೂತು ಹೇಳಬೇಕು. ಎಐ ಸಹಾಯ ತಗೊಂಡಿದ್ದರೆ ಕೊನೆಯಲ್ಲಿ ಒಂದು ಸಾಲು ಬರೆಯಬೇಕು, ಬರೆದರೆ ಅಂಕ ಕಡಿಯುವುದಿಲ್ಲ. ಸತ್ಯ ಹೇಳಿದ್ದಕ್ಕೆ ಶಿಕ್ಷೆ ಕೊಟ್ಟರೆ ಮುಂದಿನ ಸಲ ಮಗು ಸತ್ಯ ಯಾಕೆ ಹೇಳುತ್ತದೆ?

ಸತ್ಯವೇದದ ತರಗತಿಯಲ್ಲಿ ಒಬ್ಬಳು ಹುಡುಗಿ ಕೇಳಿದ್ದು ಬೇರೆಯೇ ಪ್ರಶ್ನೆ. ಅಸೆಂಬ್ಲಿ ಪ್ರಾರ್ಥನೆಯನ್ನು ಚಾಟ್‌ಜಿಪಿಟಿಯಲ್ಲಿ ಬರೆಸಿದ್ದೇನೆ, ಅದು ಪಾಪವಾ ಟೀಚರ್? ನಾನು ಪಾಪ ಅನ್ನಲಿಲ್ಲ. ನಮ್ಮ ಸಭೆಯ ಆರಾಧನಾ ಕ್ರಮದಲ್ಲೂ ಬೇರೆಯವರು ಬರೆದ ಪ್ರಾರ್ಥನೆಗಳೇ ಇರುತ್ತವೆ, ನೂರಾರು ಜನ ಅದನ್ನು ಮನಸ್ಸಿಟ್ಟು ಓದುತ್ತೇವೆ. ಆದರೆ ಅವನ್ನು ಬರೆದವರೂ ಪ್ರಾರ್ಥಿಸಿದವರು. ಈ ವಾರ ಯಾರಿಗಾಗಿ ಪ್ರಾರ್ಥಿಸಬೇಕು ಅಂತ ನಿನಗೆ ಅನಿಸುತ್ತದೆ ಎಂದು ಕೇಳಿದೆ. ಅವಳು ಹೇಳಿದಳು: ಡಯಾಲಿಸಿಸ್‌ಗೆ ಹೋಗುವ ಮಾವ, ಕೆಲಸ ಹೋದ ಪಕ್ಕದ ಮನೆಯ ಅಣ್ಣ. ಚಾಟ್‌ಜಿಪಿಟಿ ಬರೆದ ಪ್ರಾರ್ಥನೆಯಲ್ಲಿ ಇಬ್ಬರೂ ಇರಲಿಲ್ಲ. ಪ್ರಾರ್ಥಿಸುವುದು ಹೇಗೆಂದು ತಿಳಿಯದಾಗ ದೇವರ ಆತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ಅಪೊಸ್ತಲ ಪೌಲನು ರೋಮಾಪುರದ ವಿಶ್ವಾಸಿಗಳಿಗೆ ಬರೆದಿದ್ದಾನೆ, ಆ ಪತ್ರ ಸತ್ಯವೇದದಲ್ಲಿದೆ. ಹಾಗಿದ್ದ ಮೇಲೆ ವ್ಯಾಕರಣ ತಪ್ಪಿದರೆ ಏನಂತೆ? ಅವಳು ಮರುದಿನ ತಾನೇ ಬರೆದು ತಂದಳು. ಮೂರೇ ಸಾಲು.

ಅದೇ ತರಗತಿಯಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್ ಸುದ್ದಿಯೂ ಬಂತು. ಅಲ್ಲಿಯ ಒಂದು ಚಾಪೆಲ್‌ನಲ್ಲಿ 2024ರಲ್ಲಿ ಪಾಪನಿವೇದನೆಯ (ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವ) ಗೂಡಿನೊಳಗೆ ಎಐ ಯೇಸುವಿನ ಚಿತ್ರ ಇಟ್ಟಿದ್ದರು, ಜನ ಅದರ ಜೊತೆ ಮಾತಾಡಿದರು. ಅದು ಒಂದು ಪ್ರಯೋಗವಾಗಿತ್ತು, ಪಾಪನಿವೇದನೆಗೆ ಬದಲಿ ಅಲ್ಲ ಎಂದು ಅವರೇ ಹೇಳಿದ್ದರು. ಮಕ್ಕಳು ಅರ್ಧ ಗಂಟೆ ವಾದ ಮಾಡಿದರು. ನನ್ನ ನಿಲುವು ನಾನು ಹೇಳಿದೆ: ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದರು. ಮುಟ್ಟಲಾಗದ, ನನ್ನ ಜೊತೆ ನರಳಲಾಗದ ಒಂದರ ಮುಂದೆ ನನ್ನ ಪಾಪ ಹೇಳಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಉಳಿದದ್ದು ಸಣ್ಣ ಸಣ್ಣ ನಿಯಮಗಳು. ಮಕ್ಕಳ ಫೋಟೋ, ಅಂಕಪಟ್ಟಿ ಯಾವುದನ್ನೂ ಪೋಷಕರ ಗುಂಪಿಗೆ ಹಾಕುವುದಿಲ್ಲ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ದತ್ತಾಂಶ ರಕ್ಷಣೆಯ ಕಾಯ್ದೆಯೂ ಹೇಳುತ್ತದೆ. ಮನೆಯಲ್ಲಿ ಫೋನ್ ಇಲ್ಲದ ಮಗುವಿಗೆ ಆಗದ ಕೆಲಸವನ್ನು ಯಾರಿಗೂ ಕೊಡುವುದಿಲ್ಲ. ಕೊರೊನಾ ಕಾಲದಲ್ಲಿ ಅಂಥ ಮಕ್ಕಳೇ ಮೊದಲು ಕೈಬಿಟ್ಟು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈಗ ಮಕ್ಕಳು ಹೇಳುತ್ತಿರುವುದು ಒಂದೇ: ಟೀಚರ್, ನಾವು ಕಳಿಸುವುದಿಲ್ಲ, ಕಳಿಸುವುದು ಅಪ್ಪ, ಚಿಕ್ಕಪ್ಪ. ಅದು ನಿಜ. ಹಾಗಾಗಿ ಬರುವ ಜೂನ್‌ನ ಪೋಷಕರ ಸಭೆಯಲ್ಲಿ ಗುಡ್ಡ ಕುಸಿತದ ಫೋಟೋ ಪಾಠವನ್ನು ದೊಡ್ಡವರಿಗೂ ಮಾಡಬೇಕೆಂದಿದ್ದೇನೆ. ಲೆನ್ಸ್ ತೋರಿಸಿಕೊಡುವವರು ಅವರ ಮಕ್ಕಳೇ. ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ಸ್ಮಾರ್ಟ್‌ಬೋರ್ಡ್ ಮಾತ್ರ ಹಾಲ್‌ಗೆ ತರಬೇಕು.